ಜಮೀನಿನ ಜಾಡು ಹಿಡಿದು ಮಾರ್ಷಲ್ ವಂಶ ಬಿಡಿಸಿದ್ದು: ನನ್ನ ಅನುಭವ

ಕೊನೆಗೂ ಲೆಕ್ಕ ಕೂಡಿತು. ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಸರದಾರ, ಪೆಂಬ್ರೋಕ್‌ನ ಅರ್ಲ್ (ರಾಜನ ಕೆಳಗಿನ ದೊಡ್ಡ ಪದವಿ) ವಿಲಿಯಂ ಮಾರ್ಷಲ್‌ನ ಆಸ್ತಿ ಐದು ಹೆಣ್ಣುಮಕ್ಕಳ ಮೂಲಕ ಹದಿಮೂರು ಕೈಗೆ ಹೇಗೆ ಹಂಚಿಹೋಯಿತು, ಅದರ ಜೊತೆ ರಾಜನ ಆಸ್ಥಾನದ ಮಾರ್ಷಲ್ ಅನ್ನುವ ವಂಶಪಾರಂಪರ್ಯದ ಹುದ್ದೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದು ಈಗ ನನ್ನ ಎಕ್ಸೆಲ್ ಹಾಳೆಯಲ್ಲಿ ಒಂದು ಕೊಂಡಿಯೂ ಕಳಚದೆ ನಿಂತಿದೆ. "ಪೀರೇಜ್ ಪುಸ್ತಕದಲ್ಲಿ (ಸರದಾರ ಮನೆತನಗಳ ವಂಶಾವಳಿ) ಎಲ್ಲಾ ಇದೆಯಲ್ಲ, ನಕಲು ಮಾಡಿಕೊಂಡರೆ ಆಯ್ತು, ಇದೇನು ಹುಚ್ಚು" ಅಂದವರೇ ಜಾಸ್ತಿ. ಒಬ್ಬರಂತೂ ಜಮೀನು ಹಿಡಿದು ವಂಶ ಬಿಡಿಸೋಕೆ ಹೋದರೆ ಮಣ್ಣೇ ಸಿಗುತ್ತೆ ಅಂತ ನಕ್ಕಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಂಡರೂ ತಪ್ಪಿಲ್ಲ.

ನಾನಿರುವುದು ರೆಡಿಂಗ್‌ನಲ್ಲಿ. ಥೇಮ್ಸ್ ದಾಟಿದರೆ ಕಾವರ್ಶಮ್, 1219ರ ಮೇ ತಿಂಗಳಲ್ಲಿ ಮಾರ್ಷಲ್ ಸತ್ತ ಊರು. ಹುಚ್ಚು ಹತ್ತಿದ್ದು ಅಲ್ಲಿಂದ. ಅದು ಬೇರೆ ಕಥೆ, ಬಿಡಿ.

ಮೊದಲು ದುಡ್ಡು ಕಳೆದದ್ದು ಹೇಳುತ್ತೇನೆ. ಶುರುವಿನಲ್ಲಿ ಒಬ್ಬ ಸಂಶೋಧಕರಿಗೆ ಸುಮಾರು ನೂರೈವತ್ತು ಪೌಂಡ್ ಕೊಟ್ಟು ವಂಶವೃಕ್ಷ ಮಾಡಿಸಿದೆ. ಬಂದದ್ದು ನೋಡಿದರೆ ಐದು ಗಂಡುಮಕ್ಕಳಲ್ಲಿ ಕೊನೆಯ ಆನ್ಸೆಲ್ಮ್ ಇಲ್ಲವೇ ಇಲ್ಲ! ಕೇಳಿದರೆ "ಅವನು ಅರ್ಲ್ ಆಗಿ ಪಟ್ಟ ಕಟ್ಟಿಸಿಕೊಳ್ಳುವ ಮೊದಲೇ ಸತ್ತ, ಅದಕ್ಕೇ ಬಿಟ್ಟೆ" ಅಂದರು. ಅಣ್ಣ ವಾಲ್ಟರ್ 1245ರ ನವೆಂಬರ್‌ನಲ್ಲಿ ಸತ್ತ, ಇವನು ಡಿಸೆಂಬರ್‌ನಲ್ಲಿ. ಆ ಒಂದು ತಿಂಗಳನ್ನು ಬಿಟ್ಟರೆ ಪಾಲಿನ ಲೆಕ್ಕವೇ ಕೂಡುವುದಿಲ್ಲ, ಯಾಕಂದರೆ ಆನ್ಸೆಲ್ಮ್‌ಗೂ ಹೆಂಡತಿ ಇದ್ದಳು, ಮಾಡ್ ಡಿ ಬೋಹನ್. ಆಗೆಲ್ಲ ಗಂಡ ಸತ್ತರೆ ಆಸ್ತಿಯಲ್ಲಿ ವಿಧವೆಗೆ ಪಾಲು ಕೊಡಲೇಬೇಕಿತ್ತು. ಆಮೇಲೆ ವಂಶವೃಕ್ಷದ ಸಾಫ್ಟ್‌ವೇರ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ಅದರಲ್ಲಿ ಹುದ್ದೆ ಹಾಕಲು ಇದ್ದದ್ದು 'ಉದ್ಯೋಗ' ಅನ್ನುವ ಒಂದೇ ಖಾನೆ. ಶೆರಿಫ್, ಮಾರ್ಷಲ್, ಅರ್ಲ್, ರಾಜನ ಪ್ರತಿನಿಧಿ ಎಲ್ಲವನ್ನೂ ಅದೇ ಖಾನೆಗೆ ತುರುಕಿ ಸುಸ್ತಾಯಿತು. ಪೈಪ್ ರೋಲ್ (ರಾಜನ ಖಜಾನೆಯ ವರ್ಷವಾರು ಲೆಕ್ಕದ ಸುರುಳಿ) ಅಚ್ಚು ಹಾಕಿಸುವ ಪೈಪ್ ರೋಲ್ ಸೊಸೈಟಿಯ ಹಳೆಯ ಸಂಪುಟಗಳಿಗೆ, ಅವುಗಳ ಅಂಚೆ ಖರ್ಚಿಗೆ ಇನ್ನೂರು ಪೌಂಡ್ ಹತ್ತಿರ ಹೋಗಿರಬೇಕು. ಅದು ಮಾತ್ರ ದಂಡವಾಗಲಿಲ್ಲ.

ಮಜಾ ಏನಂದರೆ ನಿಜವಾಗಿ ಉಪಯೋಗಕ್ಕೆ ಬಂದ ಸಾಮಾನು ಬಿಟ್ಟಿ ಸಿಗುವಂಥದ್ದು. 3ನೇ ಹೆನ್ರಿಯ ಫೈನ್ ರೋಲ್‌ಗಳು (ರಾಜನಿಂದ ಏನಾದರೂ ಪಡೆಯಲು ಕೊಡುತ್ತೇವೆಂದ ಹಣದ ದಾಖಲೆ) ಅನುವಾದ ಸಮೇತ ನೆಟ್‌ನಲ್ಲೇ ಇವೆ. ಮೂಲ ರೋಲ್‌ಗಳ ಫೋಟೊಗಳನ್ನು ಹ್ಯೂಸ್ಟನ್ ವಿಶ್ವವಿದ್ಯಾಲಯದವರು ಹಾಕಿದ್ದಾರೆ. ರಾಜನ ಮುಚ್ಚಿದ ಪತ್ರಗಳ ನಕಲಿರುವ ಕ್ಲೋಸ್ ರೋಲ್, ತೆರೆದ ಪತ್ರಗಳ ನಕಲಿರುವ ಪೇಟೆಂಟ್ ರೋಲ್ ಹೇಗೆ ಹುಡುಕುವುದು ಅಂತ ನಿಮಗೆ ಹೇಳಬೇಕಾಗಿಲ್ಲ.

ನನ್ನ ದಾರಿ ಇಷ್ಟೇ: ಮೇಲಿಂದ ಕೆಳಗೆ ಬರಬೇಡಿ, ಕೆಳಗಿಂದ ಮೇಲೆ ಹೋಗಿ. ಅಜ್ಜನ ಹೆಸರಿಂದ ಶುರು ಮಾಡದೆ, ಪಾಲಾದ ಮೇಲೆ ಯಾವ ಜಾಗ ಯಾರ ಕೈಯಲ್ಲಿತ್ತು ಅಂತ ನೋಡಿ ಹಿಂದಕ್ಕೆ ನಡೆಯುವುದು. ನಮ್ಮೂರಲ್ಲಿ ಪಹಣಿ ಹಿಡಿದುಕೊಂಡು ಯಾರು ಯಾರ ಮೊಮ್ಮಗ ಅಂತ ಹೇಳುವ ಹಿರಿಯರಿರುತ್ತಾರಲ್ಲ, ಹಾಗೆ. ಐದು ಗಂಡುಮಕ್ಕಳೂ ಒಬ್ಬರಾದ ಮೇಲೊಬ್ಬರು ಆಸ್ತಿಗೆ ವಾರಸುದಾರರಾಗಿ, ಐದೂ ಜನ ಮಕ್ಕಳಿಲ್ಲದೆ ಸತ್ತರು: 1231, 1234, 1241, 1245, 1245. ಆಗ ಎಲ್ಲವೂ ಅಕ್ಕತಂಗಿಯರ ಕಡೆ ತಿರುಗಿತು.

ಈಗ ಲೆಕ್ಕ ನೋಡಿ. ಒಟ್ಟು ಆಸ್ತಿ 105 ಚೂರು ಅಂತ ಇಟ್ಟುಕೊಳ್ಳಿ. ಪ್ರತಿ ಮಗಳಿಗೆ 21. ಹಿರಿಯಳು ಮಟಿಲ್ಡಾ, ಅವಳ 21 ಇಡಿಯಾಗಿ ಬಿಗಾಡ್ ಮನೆಗೆ. ಇಸಾಬೆಲ್‌ಳದ್ದು ಇಡಿಯಾಗಿ ಮಗ ರಿಚರ್ಡ್ ಡಿ ಕ್ಲೇರ್‌ಗೆ. ಜೋನ್‌ಳದ್ದು ಮುಂಚೆನ್ಸಿ ಮನೆಗೆ, ಅಲ್ಲಿಂದ ಅಳಿಯ ವಿಲಿಯಂ ಡಿ ವ್ಯಾಲೆನ್ಸ್‌ಗೆ. ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು, ತಲಾ 3. ಈವಾಳ ಕಡೆ ಪಾಲಿಗೆ ನಿಂತವರು ಮೂವರು ಹೆಣ್ಣುಮಕ್ಕಳು, ತಲಾ 7. ಒಂದು, ಒಂದು, ಒಂದು, ಏಳು, ಮೂರು: ಹದಿಮೂರು. ದಾಖಲೆಯಲ್ಲಿ ಚೂರು ಅಂತ ಬರೆದಿರುವುದಿಲ್ಲ, ಊರು ಊರೇ ಹಂಚಿದ್ದಾರೆ. ಐರ್ಲೆಂಡಿನ ಲೆನ್‌ಸ್ಟರ್‌ನಲ್ಲಿ ಕಾರ್ಲೋ ಬಿಗಾಡ್‌ಗೆ, ಕಿಲ್ಕೆನಿ ಕ್ಲೇರ್‌ಗೆ, ವೆಕ್ಸ್‌ಫರ್ಡ್ ಜೋನ್ ಕಡೆಗೆ, ಕಿಲ್ಡೇರ್ ಸಿಬಿಲ್‌ಳ ಮಕ್ಕಳಿಗೆ, ಡನಮೇಸ್ ಈವಾ ಕಡೆಗೆ. ಒಂದೊಂದು ಪಾಲು ವರ್ಷಕ್ಕೆ ಸುಮಾರು 340 ಪೌಂಡ್ ಬೆಲೆ ಬರುವ ಹಾಗೆ ತೂಗಿದ್ದಾರೆ. ಹಂಚಿದವರು ದಡ್ಡರಲ್ಲ.

ಆದರೂ ನನ್ನ ಹಾಳೆ ತುಂಬಾ ದಿನ ಕೂಡಲೇ ಇಲ್ಲ. ಕಿಲ್ಡೇರ್ ಇರಬೇಕಾದ್ದು ಸಿಬಿಲ್‌ಳ ಮಕ್ಕಳ ಕೈಯಲ್ಲಿ, ದಾಖಲೆ ನೋಡಿದರೆ ಬೇರೆ ಯಾರದೋ ಹೆಸರು. ಆ ಹೆಸರು ಮಾರ್ಗರೆಟ್ ಡಿ ಕ್ವಿನ್ಸಿ, ವಾಲ್ಟರ್‌ನ ವಿಧವೆ. ಗಂಡನ ಆಸ್ತಿಯಲ್ಲಿ ಮೂರನೇ ಒಂದು ಪಾಲು ಅವಳದ್ದು, ಅದರೊಳಗೆ ಕಿಲ್ಡೇರ್ ಸೇರಿಕೊಂಡಿದೆ. ಅವಳು ಬದುಕಿದ್ದು 1266ರವರೆಗೆ. ಅಂದರೆ ಇಪ್ಪತ್ತು ವರ್ಷ ಆ ಹದಿಮೂರು ಜನರಲ್ಲಿ ಯಾರಿಗಿಂತಲೂ ದೊಡ್ಡ ಪಾಲು ಆ ವಿಧವೆಯ ಕೈಯಲ್ಲಿತ್ತು! ಅವಳಿಗಿಂತ ಮೊದಲಿನ ತಲೆನೋವು ಎಲಿನಾರ್, ರಾಜ 3ನೇ ಹೆನ್ರಿಯ ತಂಗಿ, ಮಾರ್ಷಲ್‌ನ ಹಿರಿಯ ಮಗನ ಹೆಂಡತಿ. ಅವಳ ಐರ್ಲೆಂಡ್ ಮತ್ತು ವೇಲ್ಸ್ ಪಾಲಿಗೆ ಬದಲಾಗಿ ವರ್ಷಕ್ಕೆ 400 ಪೌಂಡ್ ಅಂತ ಗೊತ್ತು ಮಾಡಿದರು. ಮುಂದೆ ಅವಳು ಸೈಮನ್ ಡಿ ಮಾಂಟ್‌ಫೋರ್ಟ್‌ನನ್ನು ಮದುವೆಯಾದಳು. ಗಂಡಹೆಂಡತಿ ಸೇರಿ ಆ ದುಡ್ಡು ಸಾಲದು ಅಂತ ರಾಜನ ಹತ್ತಿರ ಎಷ್ಟು ವರ್ಷ ಜಗಳ ಆಡಿದರು ಅಂದರೆ, ಆ ಜಗಳದ ಕಾಗದಗಳೇ ನನಗೆ ಒಳ್ಳೆಯ ಆಧಾರವಾದವು. ವಿಧವೆಯರಿಗೆ ಬೇರೆ ಕಾಲಂ ಹಾಕಿದ ದಿನ ಹಾಳೆ ತಾನಾಗಿ ಕೂಡಿಕೊಂಡಿತು. ಪೀರೇಜ್ ಪುಸ್ತಕ ನಂಬುವವರು ಈ ಹೆಂಗಸರನ್ನು 'ಇಂಥವನನ್ನು ಮದುವೆಯಾದಳು' ಅಂತ ಒಂದು ಸಾಲಲ್ಲಿ ಮುಗಿಸುತ್ತಾರೆ. ಕೀಲಿ ಇರುವುದೇ ಅಲ್ಲಿ.

ದಿನಾಂಕದ ಒಂದು ಮಾತು. 3ನೇ ಹೆನ್ರಿಯ ಆಳ್ವಿಕೆಯ ವರ್ಷ ಅಕ್ಟೋಬರ್ 28ಕ್ಕೆ ಶುರು, ಪೈಪ್ ರೋಲ್ ವರ್ಷ ಸೆಪ್ಟೆಂಬರ್ ಕೊನೆಗೆ. ನಡುವಿನ ಆ ನಾಲ್ಕು ವಾರದಲ್ಲಿ ಎಷ್ಟು ಜನ ಜಾರಿ ಬಿದ್ದಿದ್ದಾರೋ! ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ.

ಇನ್ನು ಹುದ್ದೆ. ಇದರಲ್ಲಿ ನನಗೊಂದು ನಿಯಮ ಇದೆ: ಚರಿತ್ರೆ ಬರೆದವರು ಏನು ಕರೆದರು ಅನ್ನುವುದು ಒಂದು ಖಾನೆ, ಲೆಕ್ಕಪತ್ರದಲ್ಲಿ ಏನು ಬರೆದಿದೆ ಅನ್ನುವುದು ಇನ್ನೊಂದು. ಮಾರ್ಷಲ್‌ಗೆ ಅರ್ಲ್ ಅಂತ ಕತ್ತಿ ಕಟ್ಟಿದ್ದು 1199ರ ಮೇ 27ರಂದು, ಜಾನ್ ರಾಜನ ಪಟ್ಟಾಭಿಷೇಕದ ದಿನ. ಅದಕ್ಕೂ ಮೊದಲೇ ಜನ ಅವನನ್ನು ಅರ್ಲ್ ಅಂತ ಕರೆಯುತ್ತಿದ್ದರು ಅಂತ ಆ ಕಾಲದವನೇ ಆದ ರೋಜರ್ ಆಫ್ ಹೌಡನ್ ಬರೆದಿದ್ದಾನೆ. ಒಂದೇ ಖಾನೆ ಇಟ್ಟರೆ ಇಲ್ಲಿ ಹತ್ತು ವರ್ಷ ಗೊಂದಲ, ಯಾಕಂದರೆ ಇಸಾಬೆಲ್ ಡಿ ಕ್ಲೇರ್‌ಳನ್ನು ಮದುವೆಯಾಗಿ ಅವಳ ಜಮೀನು ಹಿಡಿದದ್ದು 1189ರಲ್ಲಿ. ಮಾರ್ಷಲ್ ಹುದ್ದೆ ಬಂದದ್ದು ಅಣ್ಣ ಜಾನ್ 1194ರಲ್ಲಿ ಸತ್ತ ಮೇಲೆ. ಅಜ್ಜ ಗಿಲ್ಬರ್ಟ್, ಅಪ್ಪ ಜಾನ್ ಈ ಹುದ್ದೆಗಾಗಿ 1ನೇ ಹೆನ್ರಿಯ ಆಸ್ಥಾನದಲ್ಲೇ ಇಬ್ಬರು ಎದುರಾಳಿಗಳ ಮೇಲೆ ಗೆದ್ದಿದ್ದರು ಅನ್ನುವುದು 1200ರ ರಾಜಪತ್ರದಲ್ಲಿದೆ. ಬಾಯಿಮಾತಿನ ಮನೆತನ ಅಲ್ಲ.

ಹೆಸರಿನ ಕಾಟ ಬೇರೆ. 1215ರ ಮ್ಯಾಗ್ನಾ ಕಾರ್ಟಾ ತೆಗೆದುಕೊಳ್ಳಿ. ರಾಜನ ಸಲಹೆಗಾರರ ಪಟ್ಟಿಯಲ್ಲಿ ಪೆಂಬ್ರೋಕ್‌ನ ಅರ್ಲ್ ನಮ್ಮ ವಿಲಿಯಂ. ಅದೇ ಪಟ್ಟಿಯ ಕೊನೆ ಹತ್ತಿರ ಜಾನ್ ಮಾರ್ಷಲ್, ಸೋದರನ ಮಗ. ರಾಜನ ಮೇಲೆ ಕಣ್ಣಿಡಲು ಬಂಡಾಯದವರು ಆರಿಸಿದ ಇಪ್ಪತ್ತೈದು ಜನರಲ್ಲಿ ಮತ್ತೊಬ್ಬ ವಿಲಿಯಂ ಮಾರ್ಷಲ್, ಇವನ ಹಿರಿಯ ಮಗ. ಅಪ್ಪ ಈ ಕಡೆ, ಮಗ ಆ ಕಡೆ. ಸೋದರನ ಮಗ ಜಾನ್‌ಗೆ ಐರ್ಲೆಂಡಿನ ಮಾರ್ಷಲ್ ಹುದ್ದೆ ಬೇರೆ ಇತ್ತು. ಇವರನ್ನು ಬೇರ್ಪಡಿಸಲು ನನ್ನ ಹತ್ತಿರ ಒಂದು ಕಾಲಂ ಇದೆ. ಸಾಕ್ಷಿ ಹಾಕಿದವರ ಹೆಸರುಗಳಿಗೆ ಸಂಬಂಧಪಟ್ಟದ್ದು ಅಂತ ಮಾತ್ರ ಹೇಳುತ್ತೇನೆ, ಉಳಿದದ್ದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಸುಮ್ನೆ ಇರಲಾರದೆ ಗುರಾಣಿ ಲಾಂಛನ ಹಿಡಿದು ವಂಶ ಗುರುತಿಸಬಹುದಾ ಅಂತ ನೋಡಿದೆ. ಮಾರ್ಷಲ್‌ರದ್ದು ಅರ್ಧ ಚಿನ್ನದ ಬಣ್ಣ, ಅರ್ಧ ಹಸಿರು, ಮೇಲೆ ಎದ್ದುನಿಂತ ಕೆಂಪು ಸಿಂಹ. ಹುದ್ದೆ ಬಿಗಾಡ್ ಮನೆಗೆ ಹೋದ ಮೇಲೆ ಅವರೂ ಅದೇ ಸಿಂಹ ಹಾಕಿಕೊಂಡರು! ಹಾಗಾಗಿ ಸಿಂಹ ನೋಡಿ ಮಾರ್ಷಲ್ ರಕ್ತ ಅಂತ ಹೇಳಬಹುದು, ಮಾರ್ಷಲ್ ಗಂಡುಸಂತತಿ ಅಂತ ಹೇಳಲಾಗದು. ಕೈಬರಹ ಓದುವ ಕಂಪ್ಯೂಟರ್ ಪ್ರೋಗ್ರಾಂಗೂ ಒಂದಷ್ಟು ರೋಲ್ ಕೊಟ್ಟು ನೋಡಿದೆ. ಲ್ಯಾಟಿನ್ ಸಂಕ್ಷೇಪಗಳ ಮುಂದೆ ಅದು ಕೈಚೆಲ್ಲಿತು. ಕಣ್ಣಲ್ಲಿ ಓದುವುದೇ ಬೇಗ.

ರಕ್ತ ಮಾತ್ರ ಹಿಡಿದು ಹೋಗುವವರಿಗೆ ಕೊನೆಯದಾಗಿ ಒಂದು ಸವಾಲು ಕೊಡುತ್ತೇನೆ. 1246ರಲ್ಲಿ ಮಾರ್ಷಲ್ ಹುದ್ದೆ ಮಟಿಲ್ಡಾಳ ಮೂಲಕ ಅವಳ ಮಗ ರೋಜರ್ ಬಿಗಾಡ್‌ಗೆ ಬಂತು. ಅವನಾದ ಮೇಲೆ ತಮ್ಮನ ಮಗ, ಅವನ ಹೆಸರೂ ರೋಜರ್. ಈ ಎರಡನೇ ರೋಜರ್‌ಗೆ ಮಕ್ಕಳಿಲ್ಲ, ಜಾನ್ ಅಂತ ತಮ್ಮನಿದ್ದ. 1306ರಲ್ಲಿ ರೋಜರ್ ಸತ್ತಾಗ ಹುದ್ದೆ ತಮ್ಮನಿಗೆ ಹೋಗಬೇಕು ಅಲ್ವಾ? ಹೋಗಲಿಲ್ಲ. 1302ರಲ್ಲೇ ಅವನು ಎಲ್ಲವನ್ನೂ 1ನೇ ಎಡ್ವರ್ಡ್‌ಗೆ ಬಿಟ್ಟುಕೊಟ್ಟು, ತನಗೆ ಮತ್ತು ತನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ ಅಂತ ವಾಪಸ್ ಬರೆಸಿಕೊಂಡಿದ್ದ. ತಮ್ಮನಿಗೆ ನಾಮ. ಹುದ್ದೆ ರಾಜನಿಗೆ, 1316ರಲ್ಲಿ ರಾಜನ ಮಗ ಥಾಮಸ್ ಆಫ್ ಬ್ರದರ್‌ಟನ್‌ಗೆ. ಈಗ ನಾರ್ಫೋಕ್ ಡ್ಯೂಕ್‌ಗಳು ಅರ್ಲ್ ಮಾರ್ಷಲ್ ಅನ್ನಿಸಿಕೊಳ್ಳುವುದು ಆ ಕಡೆಯಿಂದ. ವಂಶವೃಕ್ಷ ಮಾತ್ರ ನೋಡಿದ್ದರೆ ನಾನೂ ಜಾನ್ ಬಿಗಾಡ್ ಹೆಸರಿನ ಮುಂದೆ ಮಾರ್ಷಲ್ ಅಂತ ಬರೆದುಬಿಡುತ್ತಿದ್ದೆ.

ಮುಂದಿನ ಕೆಲಸ ಕಿಲ್ಡೇರ್. ಏಳು ಅಕ್ಕತಂಗಿಯರಲ್ಲಿ ಆಗ್ನೆಸ್ ಕಡೆಯಿಂದ ಅದು ವಿಲಿಯಂ ಡಿ ವೆಸ್ಕಿಗೆ ಬಂದು, ಅವನು 1297ರಲ್ಲಿ ರಾಜನಿಗೆ ಒಪ್ಪಿಸಿದ್ದು ಗೊತ್ತು. ಉಳಿದ ಆರು ಜನರ ತಲಾ 3 ಚೂರನ್ನು ಒಂದೊಂದಾಗಿ ಬಿಡಿಸಬೇಕು. ಮಣ್ಣೇ ಸಿಗುತ್ತೆ ಅಂತ ನಕ್ಕಿದ್ದವರು ಮೊನ್ನೆ ನನ್ನ ಹಾಳೆ ಕಳಿಸಿ ಅಂತ ಕೇಳಿದ್ದಾರೆ. ಕಳಿಸುತ್ತೇನೆ, ಆ ಒಂದು ಕಾಲಂ ತೆಗೆದು.