ಕಾಗದದ ಪಟ್ಟಿಯಲ್ಲಿ ಹಿಮನಿರೋಧಕ ಪ್ರೋಟೀನ್

ಕೆನಡಾದ ಸ್ಪ್ರೂಸ್ ಮತ್ತು ಫರ್ ಕಾಡುಗಳಲ್ಲಿ ಚಳಿಗಾಲದ ಉಷ್ಣತೆ ಮೈನಸ್ 30 ಡಿಗ್ರಿಗೂ ಕೆಳಗಿಳಿಯುತ್ತದೆ. ಅಲ್ಲಿನ ಮರಗಳಿಗೆ ದೊಡ್ಡ ಪಿಡುಗಾದ ಸ್ಪ್ರೂಸ್ ಬಡ್‌ವರ್ಮ್ ಎಂಬ ಪತಂಗದ ಮರಿಹುಳು (ನಮ್ಮ ರೇಷ್ಮೆ ಬೆಳೆಗಾರರ ಲೆಕ್ಕದಲ್ಲಿ ಮೊದಲ ಜ್ವರ ಕಳೆದ, ಅಂದರೆ ಒಮ್ಮೆ ಪೊರೆ ಕಳಚಿದ ಹುಳು) ಮರದ ಮೇಲೆಯೇ ನೂಲಿನ ಸಣ್ಣ ಗೂಡು ಹೆಣೆದುಕೊಂಡು, ಏನೂ ತಿನ್ನದೆ ವಸಂತದವರೆಗೆ ಮಲಗಿರುತ್ತದೆ. ಮೈಯೊಳಗಿನ ನೀರು ಹೆಪ್ಪುಗಟ್ಟಿದರೆ ಅದು ಸತ್ತಂತೆಯೇ. ಅದನ್ನು ಉಳಿಸುವವುಗಳಲ್ಲಿ ಒಂದು, ಸುಮಾರು 90 ಅಮೈನೊ ಆಮ್ಲಗಳನ್ನು (ಪ್ರೋಟೀನಿನ ಬಿಡಿ ಮಣಿಗಳು) ಪೋಣಿಸಿದ ಪುಟ್ಟ ಪ್ರೋಟೀನ್. ಅದರ ರಚನೆಯನ್ನು ಓದಿ ತಿಳಿಯುವುದಕ್ಕಿಂತ ಕೈಯಲ್ಲಿ ಮಾಡಿ ನೋಡುವುದು ಸುಲಭ.

ಬೇಕಾದದ್ದು ಹಳೆಯ ಕ್ಯಾಲೆಂಡರಿನ ರಟ್ಟು, ಬಿಳಿ ಹಾಳೆ, ಬಟರ್ ಪೇಪರ್, ಅಂಟು ಟೇಪು, ಸ್ಕೇಲು, ಕೆಂಪು ಪೆನ್ನು.

ಮೊದಲು ರಟ್ಟನ್ನು 5 ಸೆಂ.ಮೀ.ಗೊಂದರಂತೆ ಮಡಚಿ, 8 ಸೆಂ.ಮೀ. ಎತ್ತರದ ತ್ರಿಕೋನ ಕೊಳವೆ ಮಾಡಿಕೊಳ್ಳಿ. ಇದು ಬರಿಯ ಅಚ್ಚು. ನಿಜವಾದ ಪ್ರೋಟೀನಿನಲ್ಲಿ ಇಂಥ ಕೊಳವೆಯಿಲ್ಲ. ಬಿಳಿ ಹಾಳೆಯಿಂದ 15 ಸೆಂ.ಮೀ. ಉದ್ದ, 1.2 ಸೆಂ.ಮೀ. ಅಗಲದ ಐದು ಪಟ್ಟಿ ಕತ್ತರಿಸಿ. ಪ್ರತಿ ಪಟ್ಟಿಗೂ ಸೆಂಟಿಮೀಟರಿಗೊಂದು ಗೆರೆ ಎಳೆದರೆ ಹದಿನೈದು ಮನೆಗಳಾಗುತ್ತವೆ. ಒಂದೊಂದು ಮನೆಯೂ ಒಂದು ಅಮೈನೊ ಆಮ್ಲ. ಒಂದು ಪಟ್ಟಿ ಒಂದು ಸುತ್ತು. ಎರಡನೆಯ ಮತ್ತು ನಾಲ್ಕನೆಯ ಮನೆಯ ನಡುವಿಗೆ ಕೆಂಪು ಚುಕ್ಕೆ ಇಡಿ. ಅವು ಥ್ರಿಯೊನಿನ್ ಎಂಬ ಅಮೈನೊ ಆಮ್ಲ. ಮೂರನೆಯದನ್ನು ಬಿಟ್ಟುಬಿಡಿ, ಅದರ ಕವಲು ಒಳಮುಖವಾಗಿರುತ್ತದೆ.

ಐದೂ ಪಟ್ಟಿಗಳನ್ನು ಹಿಂಬದಿಯಲ್ಲಿ ಟೇಪು ಹಚ್ಚಿ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ, ಕೊಳವೆಗೆ ಕೆಳಗಿನಿಂದ ಸುತ್ತುತ್ತಾ ಬನ್ನಿ. ಅಂಚಿಗೆ ಅಂಚು ತಾಗಿರಬೇಕು, ಒಂದರ ಮೇಲೊಂದು ಹತ್ತಬಾರದು. ದಿಕ್ಕು ತಪ್ಪಬೇಡಿ: ಎದುರಿನ ಮುಖದಲ್ಲಿ ಪಟ್ಟಿ ಬಲದಿಂದ ಎಡಕ್ಕೆ ಏರಬೇಕು, ಅಂದರೆ ಸಾಮಾನ್ಯ ತಿರುಪು ಮೊಳೆಯ ಎಳೆಗೆ ವಿರುದ್ಧವಾಗಿ. ಹಿಟ್ಟಿನಲ್ಲಿ ಬೆಳೆಯುವ, ಸಾಕುಹಕ್ಕಿಗಳಿಗೆ ಹಾಕುವ ಮೀಲ್‌ವರ್ಮ್ ಹುಳುವಿನ (ಇದು ಒಂದು ಜೀರುಂಡೆಯ ಮರಿ) ಪ್ರೋಟೀನಿನಲ್ಲಿ ಸುತ್ತು ಬಲಕ್ಕಿದೆ, ಸುತ್ತಿಗೆ ಹನ್ನೆರಡೇ ಮನೆ. ಎರಡರ ರಚನೆಯೂ 2000ರಲ್ಲಿ ಪ್ರಕಟವಾದಾಗ ಸೋಜಿಗ ಹುಟ್ಟಿಸಿದ್ದು ಇದೇ. ಪತಂಗಕ್ಕೂ ಜೀರುಂಡೆಗೂ ಪ್ರೋಟೀನ್ ಬೇರೆ, ಸುರುಳಿಯ ದಿಕ್ಕು ಬೇರೆ, ಆದರೆ ಥ್ರಿಯೊನಿನ್ ಸಾಲು ಮಾತ್ರ ಅದೇ.

ಈಗ ಒಂದು ಮುಖದಲ್ಲಿ ಕೆಂಪು ಚುಕ್ಕೆಗಳ ಎರಡು ಸಾಲು ಕಾಣುತ್ತವೆ. ಬಟರ್ ಪೇಪರ್ ಮೇಲೆ ಅಡ್ಡಕ್ಕೆ 2 ಸೆಂ.ಮೀ., ಉದ್ದಕ್ಕೆ 1.2 ಸೆಂ.ಮೀ. ಅಂತರದಲ್ಲಿ ಚುಕ್ಕೆಗಳನ್ನಿಡಿ. ಇದು ಮಂಜುಗಡ್ಡೆ ಹರಳಿನ ಪಕ್ಕದ ಮುಖ. ಅಲ್ಲಿ ಆಮ್ಲಜನಕದ ಪರಮಾಣುಗಳ ಅಂತರ 7.35 ಮತ್ತು 4.52 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು). ನಾವು ಅದನ್ನು ಸುಮಾರು 2.7 ಕೋಟಿ ಪಟ್ಟು ಹಿಗ್ಗಿಸಿದ್ದೇವೆ. ಹಾಳೆಯನ್ನು ಕೆಂಪು ಚುಕ್ಕೆಗಳ ಮೇಲಿಟ್ಟು ನೋಡಿ. ಪಟ್ಟಿಯ ಓರೆಯಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆದೀತು, ಉಳಿದಂತೆ ಹತ್ತಕ್ಕೆ ಹತ್ತೂ ಕೂಡುತ್ತವೆ. ಪ್ರೋಟೀನ್ ಮಂಜುಗಡ್ಡೆಗೆ ಅಂಟಿಕೊಳ್ಳುವುದು ಈ ಹೊಂದಿಕೆಯಿಂದಲೇ.

ಅಂಟಿಕೊಂಡರೆ ಬೆಳವಣಿಗೆ ಹೇಗೆ ನಿಲ್ಲುತ್ತದೆ? ಹತ್ತಿಯ ಹಾಸಿಗೆಗೆ ಅಲ್ಲಲ್ಲಿ ದಾರ ಎಳೆದು ಗಂಟು ಹಾಕಿದಾಗ ನಡುನಡುವೆ ಉಬ್ಬುತ್ತದಲ್ಲ, ಹಾಗೆ ಪ್ರೋಟೀನ್ ಕೂತ ಜಾಗದಲ್ಲಿ ಹರಳು ತಡೆದು, ಮಧ್ಯದಲ್ಲಿ ಮಾತ್ರ ಉಬ್ಬಿ ಬೆಳೆಯಲು ನೋಡುತ್ತದೆ. ಉಬ್ಬಿದ ಮೇಲ್ಮೈಗೆ ಹೊಸ ನೀರಿನ ಅಣು ಸೇರುವುದು ಕಷ್ಟ. ಇನ್ನಷ್ಟು ಚಳಿಯಾದರೆ ಮಾತ್ರ ಸಾಧ್ಯ. ಹಾಗಾಗಿ ಕರಗುವ ಬಿಂದು ಹೆಚ್ಚುಕಡಿಮೆ ಇದ್ದಲ್ಲೇ ಇದ್ದು, ಹೆಪ್ಪುಗಟ್ಟುವ ಬಿಂದು ಮಾತ್ರ ಕೆಳಗಿಳಿಯುತ್ತದೆ. ಉಪ್ಪು ಎರಡನ್ನೂ ಒಟ್ಟಿಗೆ ಇಳಿಸುತ್ತದೆ, ಅದರ ದಾರಿಯೇ ಬೇರೆ. ಧ್ರುವ ಸಮುದ್ರದ ಮೀನುಗಳಲ್ಲಿ ಈ ಎರಡು ಬಿಂದುಗಳ ಅಂತರ ಒಂದೂವರೆ ಡಿಗ್ರಿಯ ಆಸುಪಾಸು. ಕೀಟಗಳಲ್ಲಿ ಐದಾರು ಡಿಗ್ರಿ ತಲುಪುತ್ತದೆ, ಏಕೆಂದರೆ ಬಹುತೇಕ ಮೀನುಗಳ ಪ್ರೋಟೀನ್ ಮುಟ್ಟದ, ಹರಳಿನ ಮೇಲ್ತುದಿ–ಕೆಳತುದಿಯ ಮುಖಗಳನ್ನೂ ಇವು ಹಿಡಿಯುತ್ತವೆ.

ಐದಾರು ಡಿಗ್ರಿಯಿಂದ ಮೈನಸ್ 30 ದಾಟುವುದಿಲ್ಲ ಎಂದು ಕೇಳುವವರಿದ್ದರೆ ಸರಿಯಾಗಿಯೇ ಕೇಳಿದ್ದೀರಿ. ಹುಳು ಹೆಪ್ಪುಗಟ್ಟುವ ಬಿಂದುವನ್ನು ಇಳಿಸುವ ಗ್ಲಿಸರಾಲ್ ಎಂಬ ದ್ರವವನ್ನೂ ಮೈಯಲ್ಲಿ ತುಂಬಿಕೊಳ್ಳುತ್ತದೆ. ಹೊಟ್ಟೆಯೂ ಖಾಲಿ, ಆಹಾರದ ಕಣಗಳ ಸುತ್ತ ಹರಳು ಹುಟ್ಟುವ ಭಯವಿಲ್ಲ. ಎಲ್ಲಿಂದಲಾದರೂ ಕಿರುಹರಳು ನುಸುಳಿದರೆ ಅದನ್ನು ಅಲ್ಲೇ ಅದುಮುವುದು ಪ್ರೋಟೀನಿನ ಪಾಲಿನ ಕೆಲಸ.

ಕೊನೆಗೊಂದು ಪರೀಕ್ಷೆ. ನಡುವಿನ ಸುತ್ತಿನ ಒಂದು ಕೆಂಪು ಚುಕ್ಕೆಯ ಮೇಲೆ ಕಡಲೆ ಗಾತ್ರದ ಮೇಣ ಅಂಟಿಸಿ, ಹಾಳೆಯನ್ನು ಮತ್ತೆ ಇಡಿ. ಸಪಾಟಾಗಿ ಕೂರುವುದಿಲ್ಲ. ಪ್ರಯೋಗಾಲಯದಲ್ಲಿ ಈ ಮುಖದ ಥ್ರಿಯೊನಿನ್ ತೆಗೆದು ಲ್ಯೂಸಿನ್ ಎಂಬ ದಪ್ಪನೆಯ ಅಮೈನೊ ಆಮ್ಲ ಇಟ್ಟಾಗ ಪ್ರೋಟೀನಿನ ಆಕಾರ ಕೆಡಲಿಲ್ಲ, ಹಿಮ ತಡೆಯುವ ಶಕ್ತಿ ಮಾತ್ರ ಬಹುಪಾಲು ಹೋಯಿತು.