ಅಮೆರಿಕದ ಮನೆಯ ಅಗ್ಗಿಷ್ಟಿಕೆ: ಸವೆದ ಸಂದಿಗೆ ಸಿಮೆಂಟ್ ಮೆತ್ತಬೇಡಿ

ಅಮೆರಿಕದ ಚಳಿನಾಡಿನಲ್ಲಿ ಹಳೆಯ ಮನೆ ಕೊಳ್ಳಲು ಬೆಂಗಳೂರಿನಿಂದ ಹೊರಟವರಿಗೆ, ಅಲ್ಲಿ ಬಹುಕಾಲ ಸಂಸಾರ ನಡೆಸಿ ಈಗ ಬಸವನಗುಡಿಗೆ ಮರಳಿರುವ ನಾನು ಹೇಳಬಯಸುವುದು ಅಗ್ಗಿಷ್ಟಿಕೆಯ ಇಟ್ಟಿಗೆಯ ವಿಷಯ. ನಮ್ಮೂರಲ್ಲಿ ಗೋಡೆ ಬಿರಿದರೆ ಮೇಸ್ತ್ರಿಯನ್ನು ಕರೆಸಿ ಸಿಮೆಂಟು, ಮರಳು ಕಲಸಿ ಮೆತ್ತಿಸುತ್ತೇವೆ. ಬೆಂಕಿ ಉರಿಯುವ ಗೂಡಿಗೆ ಆ ಮದ್ದು ನಾಟುವುದಿಲ್ಲ.

ಸಾಧಾರಣ ಸಿಮೆಂಟ್ ಗಾರೆಯಲ್ಲಿರುವ ಸುಣ್ಣದಂಶವು ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ತನ್ನೊಳಗಿನ ನೀರನ್ನು ಕಳೆದುಕೊಂಡು, ತಣಿದ ಮೇಲೆ ಗಾಳಿಯ ತೇವವನ್ನು ಹೀರಿ ಮತ್ತೆ ಹಿಗ್ಗುವುದರಿಂದ, ಗಾರೆ ಬಿರಿದು ಪುಡಿಪುಡಿಯಾಗಿ ಉದುರುತ್ತದೆ. ಆದ್ದರಿಂದ ಅಲ್ಲಿ ಫೈರ್‌ಬ್ರಿಕ್ ಎಂಬ ಶಾಖ ತಾಳುವ ಇಟ್ಟಿಗೆಯನ್ನು ರಿಫ್ರ್ಯಾಕ್ಟರಿ ಮಾರ್ಟರ್ ಎಂಬ ಶಾಖ ತಾಳುವ ಗಾರೆಯಲ್ಲಿ ಕೂರಿಸಿ, ಇಟ್ಟಿಗೆಗಳ ನಡುವಿನ ಸಂದನ್ನು ಕಾಲು ಅಂಗುಲಕ್ಕಿಂತ ಅಗಲವಾಗಲು ಬಿಡುವುದಿಲ್ಲ.

ತುಂಬುವ ಮೊದಲು ಸಂದು ಸವೆದದ್ದೇಕೆ ಎಂದು ನೋಡಿ. ಎಷ್ಟೋ ಮನೆಗಳಲ್ಲಿ ದೋಷವಿರುವುದು ಬೆಂಕಿಯಲ್ಲಲ್ಲ, ಚಿಮಣಿಯ ನೆತ್ತಿಯ ಬಿರುಕಿನಿಂದ ಇಳಿಯುವ ಮಳೆನೀರಿನಲ್ಲಿ. ಅದನ್ನು ತಡೆಯದೆ ಕೆಳಗೆ ತುಂಬುವುದು ದುಡ್ಡು ದಂಡ. ಅಮೆರಿಕದ ಅಗ್ನಿಸುರಕ್ಷಾ ಸಂಸ್ಥೆಯೊಂದರ ಎನ್‌ಎಫ್‌ಪಿಎ 211 ಎಂಬ ಮಾನದಂಡವು ಚಿಮಣಿಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಲು ಹೇಳುತ್ತದೆ. ಮನೆ ಕೈಬದಲಾಗುವಾಗ ಇನ್ನೂ ವಿಸ್ತಾರವಾದ, ಎರಡನೆಯ ಹಂತದ ಪರೀಕ್ಷೆ ಬೇಕು. ಖರೀದಿಗೆ ಮುಂಚೆ ಅದನ್ನು ಕೇಳಿ ಪಡೆಯಿರಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರೆದು ತಿಳಿಸಿ, ನೀವು ಕೈಹಾಕಬೇಡಿ.

ಇಟ್ಟಿಗೆ ಗಟ್ಟಿಯಾಗಿದ್ದು ಸಂದು ಮಾತ್ರ ಸವೆದಿದ್ದರೆ ಕೆಲಸ ಕೈಗೆಟುಕುವಂಥದ್ದೇ. ಬೂದಿಯಲ್ಲಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರಬಲ್ಲದು; ಪೂರ್ತಿ ಆರಿದ ಮೇಲೆಯೂ ಬೂದಿಯನ್ನು ಲೋಹದ ಡಬ್ಬಿಗೇ ತುಂಬಿ. ಸಡಿಲ ಗಾರೆಯನ್ನು ಸುಮಾರು ಅರ್ಧ ಅಂಗುಲ ಆಳಕ್ಕೆ ಉಳಿಯಿಂದ ಕೆರೆಯುವಾಗ ಏಳುವ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಸಿಲಿಕಾ ಇರುವುದರಿಂದ, ಬಟ್ಟೆ ಕಟ್ಟಿಕೊಂಡರೆ ಸಾಲದು, ಸಣ್ಣ ಧೂಳನ್ನೂ ಸೋಸುವ ಮುಖಗವಸು, ಅಂದರೆ ರೆಸ್ಪಿರೇಟರ್ ಧರಿಸಬೇಕು. ಬ್ರಷ್ಷಿನಿಂದ ಮಸಿ ತೆಗೆದು, ಸಂದನ್ನು ತೇವ ಮಾಡಬೇಕೋ ಬೇಡವೋ ಎಂಬುದನ್ನು ಮಾರ್ಟರ್ ಡಬ್ಬಿಯ ಮೇಲೆ ಓದಿಕೊಂಡು, ಮಾರ್ಟರನ್ನು ಕಿರಿದಾದ ಕರಣೆಯಿಂದ ಗಾಳಿ ಉಳಿಯದಂತೆ ಒತ್ತಿ ತುಂಬಿ. ಕಲಸಿಯೇ ಮಾರುವ ಕೆಲವು ಬಗೆಯ ಮಾರ್ಟರ್ ಕಾವು ತಗಲುವವರೆಗೆ ನೀರಿಗೆ ಕರಗುತ್ತದೆ. ಮಳೆ ಸೋರುವ ಗೂಡಿಗೆ ಅದು ತಕ್ಕದ್ದಲ್ಲ. ಒಣಗಲು ಬಿಟ್ಟು, ಮೊದಲು ಸಣ್ಣ ಬೆಂಕಿಗಳನ್ನೇ ಹಾಕಿ. ಒಮ್ಮೆಲೇ ಜೋರಾಗಿ ಉರಿಸಿದರೆ ಒಳಗಿನ ತೇವ ಆವಿಯಾಗಿ ಗಾರೆಯನ್ನು ಒಡೆಯುತ್ತದೆ.

ಇಟ್ಟಿಗೆ ಅಲುಗುತ್ತಿದ್ದರೆ, ಹಿಂಗೋಡೆ ವಾಲಿದ್ದರೆ, ಹೊಗೆಕೊಳವೆಯ ಮಣ್ಣಿನ ಒಳಪದರ ಸೀಳಿದ್ದರೆ ಬೆಂಕಿ ಹಾಕುವುದನ್ನೇ ನಿಲ್ಲಿಸಿ, ಚಿಮಣಿ ಕೆಲಸ ಬಲ್ಲವರನ್ನು ಕರೆಸಿ. ಅಲ್ಲಿನ ಮನೆಗಳ ಚೌಕಟ್ಟು ಹೆಚ್ಚಾಗಿ ಮರದ್ದು. ಬಿರುಕಿನಿಂದ ನುಸುಳಿದ ಕಾವು ಗೋಡೆಯೊಳಗಿನ ಮರಕ್ಕೆ ತಾಗಿದರೆ ಕಣ್ಣಿಗೆ ಕಾಣುವುದಿಲ್ಲ.