ಪ್ಲೇಂಟ್ ಬರೆಯುವ ಮುಂಚಿನ ಕೆಲಸ

ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ನಮ್ಮದೊಂದು ಸಣ್ಣ ಕಚೇರಿ. ನಾಲ್ಕು ಜನ ವಕೀಲರು, ಒಬ್ಬ ಟೈಪಿಸ್ಟ್, ಕೋರ್ಟಿನ ಓಡಾಟಕ್ಕೆ ಒಬ್ಬ ಹಳೇ ಗುಮಾಸ್ತರು. ವ್ಯಾಪಾರದ ವ್ಯಾಜ್ಯ ಬಿಟ್ಟು ಬೇರೆ ಕೇಸ್ ತೆಗೆದುಕೊಳ್ಳುವುದಿಲ್ಲ. ಡಿವೋರ್ಸ್ ಇಲ್ಲ, ಜಾಮೀನು ಇಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿ ಇಲ್ಲ. ಚೆಕ್ ಬೌನ್ಸ್ ಮಾತ್ರ ಬಿಡೋಕಾಗಲ್ಲ, ಅದು ಹೆಸರಿಗೆ ಕ್ರಿಮಿನಲ್ ಆದರೂ ವ್ಯಾಪಾರದ ಹಿಂದೆಯೇ ಬರುತ್ತದೆ.

ಹೊಸದಾಗಿ ಸನ್ನದು ಪಡೆದ ಹುಡುಗ ಹುಡುಗಿಯರು ಬಂದು, ಇಂಥ ಕಚೇರಿಯಲ್ಲಿ ಏನು ಕೆಲಸ ಇರುತ್ತದೆ ಎಂದು ಕೇಳುತ್ತಾರೆ. ವಾದ ಮಾಡುತ್ತೇವೆ ಎಂದರೆ ಅರ್ಧ ಸುಳ್ಳಾಗುತ್ತದೆ. ಜಾಸ್ತಿ ಹೊತ್ತು ನಾವು ಬಿಲ್ ಓದುತ್ತೇವೆ.

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದಿದ್ದು 2015ರಲ್ಲಿ. ಆಗ 1 ಕೋಟಿ ರೂಪಾಯಿ ಮೇಲಿನ ವ್ಯಾಜ್ಯಕ್ಕೆ ಮಾತ್ರ ಅನ್ವಯಿಸುತ್ತಿತ್ತು. 2018ರ ತಿದ್ದುಪಡಿ ಅದನ್ನು 3 ಲಕ್ಷಕ್ಕೆ ಇಳಿಸಿತು. ಅಲ್ಲಿಗೆ ಪೀಣ್ಯ, ಬೊಮ್ಮಸಂದ್ರ, ಜಿಗಣಿಯ ಸಣ್ಣ ಸಣ್ಣ ವರ್ಕ್‌ಶಾಪ್‌ಗಳ ಜಗಳವೂ ಈ ಕೋರ್ಟಿಗೇ ಬರತೊಡಗಿತು. ಹಳೇ ಪದ್ಧತಿಯಲ್ಲಿ ಮೊದಲು ದಾವೆ ಹಾಕಿ, ಕಾಗದಪತ್ರ ಆಮೇಲೆ ನೋಡಿಕೊಳ್ಳೋಣ ಎನ್ನಬಹುದಿತ್ತು. ಈಗ ಪ್ಲೇಂಟ್, ಅಂದರೆ ದಾವೆಯ ಅರ್ಜಿ, ಅದರ ಜೊತೆಗೇ ನಮ್ಮ ಬಳಿ ಇರುವ ಸಂಬಂಧಪಟ್ಟ ದಾಖಲೆ ಎಲ್ಲವನ್ನೂ ಕೊಡಬೇಕು. ನಮಗೆ ವಿರುದ್ಧವಾಗಿರುವುದನ್ನೂ ಕೊಡಬೇಕು. ಇಷ್ಟೇ ಇರುವುದು ಎಂದು ಪ್ರಮಾಣ ಮಾಡಿ ಹೇಳಬೇಕು. ಬಿಟ್ಟುಹೋದ ಕಾಗದವನ್ನು ಆಮೇಲೆ ತರಬೇಕಾದರೆ ಕೋರ್ಟಿನ ಅನುಮತಿ ಬೇಕು, ಸರಿಯಾದ ಕಾರಣವೂ ಬೇಕು. ‘ಗೋಡೌನ್‌ನಲ್ಲಿ ಸಿಕ್ಕಿತು ಸ್ವಾಮಿ’ ಎಂದರೆ ಕೇಳುವ ಕಾಲ ಹೋಯಿತು.

ಪೀಣ್ಯದಿಂದ ಒಬ್ಬ ಯಜಮಾನರು ಬಂದಿದ್ದರು. ಲೇತ್ ಹಾಕಿಕೊಂಡು ಮಷಿನ್ ಕಾಂಪೊನೆಂಟ್ ಮಾಡಿಕೊಡುವವರು. ದೊಡ್ಡ ಕಂಪನಿಯೊಂದು ನಲವತ್ತು ಲಕ್ಷ ಚಿಲ್ಲರೆ ಬಾಕಿ ಉಳಿಸಿಕೊಂಡಿತ್ತು. ಅವರ ಕೈಯಲ್ಲಿ ಎರಡು ಬಟ್ಟೆ ಚೀಲದ ತುಂಬಾ ಕಾಗದ.

“ಮೇಡಂ, ಎಲ್ಲಾ ಇದರಲ್ಲೇ ಇದೆ. ನೀವು ಒಂದು ನೋಟಿಸ್ ಬಿಡಿ ಸಾಕು, ಹೆದರಿಕೊಂಡು ಕೊಡ್ತಾರೆ.”

ಅಷ್ಟು ದೊಡ್ಡ ಕಂಪನಿ ಲಾಯರ್ ನೋಟಿಸಿಗೆ ಹೆದರುವುದಿಲ್ಲ. ಅವರ ಲೀಗಲ್ ಡಿಪಾರ್ಟ್‌ಮೆಂಟಿಗೆ ಅಂಥವು ದಿನಾ ಬಂದು ಬೀಳುತ್ತವೆ. ಹೆದರುವುದು ನಾವೇ. ನೋಟಿಸಿನಲ್ಲಿ ಬರೆದ ಅಂಕಿ ಪ್ಲೇಂಟ್‌ನಲ್ಲಿ ಬದಲಾದರೆ ಕ್ರಾಸ್‌ನಲ್ಲಿ, ಅಂದರೆ ಪಾಟೀಸವಾಲಿನಲ್ಲಿ, ಹಿಡಿದು ಜಗ್ಗುತ್ತಾರೆ. ಹಾಗಾಗಿ ಕಾಗದ ಪೂರ್ತಿ ಓದದೆ ನಮ್ಮ ಕಚೇರಿಯಿಂದ ನೋಟಿಸ್ ಹೋಗುವುದಿಲ್ಲ. ಇದರಿಂದ ಎಷ್ಟೋ ಪಾರ್ಟಿಗಳು ಬೇಜಾರಾಗಿ ಬೇರೆ ವಕೀಲರ ಹತ್ತಿರ ಹೋಗಿದ್ದಾರೆ. ಹೋಗಲಿ.

ಓದುವುದು ಅಂದರೆ ಹೀಗೆ. ಚೀಲ ಸುರಿದು ಒಂದೊಂದು ವಹಿವಾಟನ್ನು ಒಂದೊಂದು ಕಟ್ಟು ಮಾಡುತ್ತೇವೆ: ಪರ್ಚೇಸ್ ಆರ್ಡರ್, ಡೆಲಿವರಿ ಚಲನ್, ಟ್ಯಾಕ್ಸ್ ಇನ್‌ವಾಯ್ಸ್, ಇ-ವೇ ಬಿಲ್, ದುಡ್ಡು ಬಂದ ಬ್ಯಾಂಕ್ ಎಂಟ್ರಿ. ಆಮೇಲೆ ತಾರೀಖಿನ ಪಟ್ಟಿ. ಎಡಗಡೆ ತಾರೀಖು, ಪಕ್ಕದಲ್ಲಿ ಏನಾಯಿತು, ಅದಕ್ಕೆ ಕಾಗದ ಯಾವುದು, ಸಹಿ ಯಾರದು. ಕೊನೆಯ ಕಾಲಂ ನನಗೆ ಇಷ್ಟವಾದದ್ದು: ಇದಕ್ಕೆ ಎದುರಿನವರು ಏನು ಹೇಳಬಹುದು? ಆ ಕಾಲಂ ಖಾಲಿ ಬಿಟ್ಟ ಜೂನಿಯರ್‌ಗೆ ಪಟ್ಟಿ ವಾಪಸ್ ಕೊಡುತ್ತೇನೆ.

ಆ ಕಂಪನಿಯವರ ತಕರಾರು ಏನೆಂದರೆ, ಮಾಲು ಸರಿಯಿರಲಿಲ್ಲ, ಒಂದು ಲಾಟ್ ಇಡೀ ರಿಜೆಕ್ಟ್ ಆಗಿದೆ ಎಂದು. ಬಾಕಿಯಿಂದ ಅಷ್ಟು ಕಳೆಯುತ್ತೇವೆ ಎಂದು ಡೆಬಿಟ್ ನೋಟ್ ಬೇರೆ ಕಳಿಸಿದ್ದರು. ಅದೇ ಲಾಟಿನ ಚಲನ್ ಹುಡುಕಿದೆವು. ಮುಂದಿನ ಬದಿಯಲ್ಲಿ ಅವರ ಗೇಟಿನ ಸೆಕ್ಯುರಿಟಿ ಸೀಲು, ಒಳಗೆ ಬಂದ ಸಮಯ, ಗಾಡಿ ನಂಬರು. ತಿರುಗಿಸಿ ನೋಡಿದರೆ ಹಿಂದುಗಡೆ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದರು: ‘48 ಓಕೆ, 2 ರಿಜೆಕ್ಟ್’, ಕೆಳಗೊಂದು ಪುಟ್ಟ ಸಹಿ. “ಅದು ಬಿಡಿ ಮೇಡಂ, ಅವರ ಸ್ಟೋರ್ಸ್ ಹುಡುಗ ಸುಮ್ನೆ ಗೀಚಿರೋದು” ಎಂದರು ಯಜಮಾನರು. ನನಗೆ ಆ ಎರಡು ಚೀಲದಲ್ಲಿ ಅದಕ್ಕಿಂತ ಬೆಲೆಬಾಳುವ ಹಾಳೆ ಇನ್ನೊಂದು ಕಾಣಲಿಲ್ಲ. ಪೆನ್ಸಿಲ್ ಅಳಿಸಿಹೋಗುತ್ತದೆ ಅಂತ ಅವತ್ತೇ ಕಲರ್ ಸ್ಕ್ಯಾನ್ ಮಾಡಿಸಿ, ಮೂಲ ಹಾಳೆಯನ್ನು ಬೇರೆ ಕವರಿನಲ್ಲಿ ಹಾಕಿಟ್ಟೆವು. ಆದರೆ ಆ ಹಾಳೆ ನಮ್ಮ ವಿರುದ್ಧವೂ ಮಾತಾಡುತ್ತದೆ, ಅಲ್ವಾ? ಎರಡು ಪೀಸ್ ಕೆಟ್ಟಿದ್ದು ನಿಜ. ಆ ಎರಡರ ದುಡ್ಡು ಕ್ಲೇಮಿನಿಂದ ತೆಗೆದುಹಾಕಿದೆ. ಯಜಮಾನರು ಮುಖ ಸಣ್ಣ ಮಾಡಿಕೊಂಡರು. ಜಡ್ಜ್ ಮುಂದೆ ನಾವಾಗಿಯೇ ‘ಎರಡು ಕೆಟ್ಟಿದ್ದವು, ಅದರ ದುಡ್ಡು ಕೇಳುತ್ತಿಲ್ಲ’ ಅಂದಾಗ ಉಳಿದ ನಲವತ್ತೆಂಟಕ್ಕೆ ಬರುವ ತೂಕವೇ ಬೇರೆ.

ಕಾಗದ ಓದುವಾಗಲೇ ನೋಡಬೇಕಾದ ಇನ್ನೊಂದು, ಕಾಲಮಿತಿ. ಮಾರಿದ ಮಾಲಿನ ದುಡ್ಡಿಗೆ ಮೂರು ವರ್ಷ. ಬಹಳಷ್ಟು ವ್ಯಾಪಾರಿಗಳು ‘ನೋಟಿಸ್ ಕೊಟ್ಟರೆ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ’ ಎಂದು ನಂಬಿಕೊಂಡಿದ್ದಾರೆ. ಹಾಗೇನೂ ಇಲ್ಲ. ಹೊಸದಾಗಿ ಶುರುವಾಗಬೇಕಾದರೆ ಅವಧಿ ಮುಗಿಯುವ ಮುಂಚೆ ಎದುರಿನವರು ಬಾಕಿ ಇದೆ ಎಂದು ಬರೆದು ಒಪ್ಪಿಕೊಂಡಿರಬೇಕು, ಇಲ್ಲವೇ ಸ್ವಲ್ಪವಾದರೂ ದುಡ್ಡು ಕಟ್ಟಿರಬೇಕು. ಅದಕ್ಕೇ ಮಾರ್ಚ್ ಬಂದಾಗ ನಮ್ಮ ಪಾರ್ಟಿಗಳಿಗೆಲ್ಲ ಬ್ಯಾಲೆನ್ಸ್ ಕನ್ಫರ್ಮೇಷನ್, ಅಂದರೆ ಇಷ್ಟು ಬಾಕಿ ಇದೆ ಎಂದು ಒಪ್ಪುವ ಪತ್ರ, ತರಿಸಿಕೊಳ್ಳಿ ಎಂದು ನೆನಪಿಸುತ್ತೇನೆ. ಆಡಿಟರ್ ಕೇಳಿದರು ಅಂತ ಹೇಳಿದರೆ ಎದುರಿನ ಅಕೌಂಟ್ಸ್‌ನವರು ಯೋಚನೆ ಮಾಡದೆ ಸಹಿ ಹಾಕಿ ಕಳಿಸುತ್ತಾರೆ.

ವಾಟ್ಸಾಪ್ ಒಂದು ದೊಡ್ಡ ತಲೆನೋವು. ಈಗಿನ ವ್ಯಾಪಾರ ಅರ್ಧ ಅದರಲ್ಲೇ ನಡೆಯುತ್ತದೆ. ಆರ್ಡರ್ ಬರುವುದೂ ಅಲ್ಲೇ, ‘ಮುಂದಿನ ವಾರ ಹಾಕ್ತೀನಿ ಸಾರ್’ ಬರುವುದೂ ಅಲ್ಲೇ. ಪ್ರಿಂಟ್ ತೆಗೆದು ಕೊಟ್ಟರೆ ಸಾಲದು. ಅದು ಯಾವ ಫೋನಿನಿಂದ ಹೇಗೆ ತೆಗೆದದ್ದು ಎಂದು ಹೇಳುವ ಸರ್ಟಿಫಿಕೇಟ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತವಾಗಿ ಹೇಳಿತು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಬಂದ ಮೇಲೆ ಆ ಸರ್ಟಿಫಿಕೇಟ್‌ಗೆ ಎರಡು ಭಾಗ. ಒಂದಕ್ಕೆ ಪಾರ್ಟಿ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲ್ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ, ಬರೆಯಬೇಕು. ಹಾಗಾಗಿ ಮೊದಲ ಭೇಟಿಯಲ್ಲೇ ಹೇಳುತ್ತೇನೆ: ಕೇಸ್ ಮುಗಿಯುವವರೆಗೆ ಈ ಮೊಬೈಲ್ ಎಕ್ಸ್‌ಚೇಂಜ್‌ಗೆ ಹಾಕಬೇಡಿ, ಮಗನಿಗೂ ಕೊಡಬೇಡಿ. ದೀಪಾವಳಿ ಆಫರ್ ಬಂದಾಗ ಇನ್ನೊಂದು ಸಲ ಫೋನ್ ಮಾಡಿ ಹೇಳುತ್ತೇನೆ.

ಎಲ್ಲಿಗೆ ಹೋಗಬೇಕು ಎನ್ನುವುದನ್ನೂ ಮೊದಲೇ ನಿರ್ಧರಿಸಬೇಕು. ಪಾರ್ಟಿ ಮಾಲು ಕೊಡುವ ಮುಂಚೆಯೇ ಸಣ್ಣ ಉದ್ಯಮವಾಗಿ ನೋಂದಣಿ ಮಾಡಿಸಿಕೊಂಡಿದ್ದರೆ ಇಂಥವರ ಬಾಕಿ ವಸೂಲಿಗೆಂದೇ ಇರುವ ಎಂಎಸ್‌ಎಂಇ ಕೌನ್ಸಿಲ್ ದಾರಿಯಿದೆ. ಅಲ್ಲಿ ಬ್ಯಾಂಕ್ ರೇಟಿನ ಮೂರರಷ್ಟು ಚಕ್ರಬಡ್ಡಿ. ತೀರ್ಪು ಪ್ರಶ್ನಿಸಬೇಕಾದರೆ ಕೊಳ್ಳುವವರು ಮೊದಲು ಶೇ. 75ರಷ್ಟು ದುಡ್ಡು ಠೇವಣಿ ಇಡಬೇಕು. ಕೆಲವರು ನೇರವಾಗಿ ದಿವಾಳಿ ಅರ್ಜಿ ಹಾಕಿಬಿಡೋಣ ಅನ್ನುತ್ತಾರೆ. ಅದಕ್ಕೆ ಬೇಕಾದ ಕನಿಷ್ಠ ಬಾಕಿಯ ಮಿತಿ 2020ರಲ್ಲಿ 1 ಲಕ್ಷದಿಂದ 1 ಕೋಟಿಗೆ ಏರಿದೆ. ಎದುರಿನವರು ಮೊದಲೇ ಕ್ವಾಲಿಟಿ ತಕರಾರು ಎತ್ತಿದ್ದರೆ ಅರ್ಜಿ ಅಲ್ಲಿ ನಿಲ್ಲುವುದೂ ಇಲ್ಲ. ಪೀಣ್ಯದವರು ನೋಂದಣಿ ಮಾಡಿಸಿದ್ದು ತಡವಾಗಿ. ಉಳಿದದ್ದು ವಾಣಿಜ್ಯ ನ್ಯಾಯಾಲಯ.

ಅಲ್ಲಿಗೂ ನೇರವಾಗಿ ಹೋಗುವಂತಿಲ್ಲ. ತುರ್ತು ತಡೆಯಾಜ್ಞೆ ಬೇಕಿಲ್ಲದ ಕೇಸ್ ಆದರೆ ದಾವೆಗೆ ಮುಂಚೆ ಮೀಡಿಯೇಷನ್, ಅಂದರೆ ಮಧ್ಯಸ್ಥರ ಮುಂದೆ ರಾಜಿ ಮಾತುಕತೆ, ಆಗಬೇಕು. ಇದು ಸುಮ್ನೆ ಔಪಚಾರಿಕ ಅಲ್ಲ, ಮಾಡದಿದ್ದರೆ ಪ್ಲೇಂಟ್ ತಿರಸ್ಕಾರವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ತಪ್ಪಿಸಿಕೊಳ್ಳಲು ಒಂದು ಇಂಜಂಕ್ಷನ್ ಅರ್ಜಿ ಸಿಕ್ಕಿಸುವ ಚಾಳಿ ಕೆಲವರಿಗಿದೆ. ಅದು ನಿಜವಾದ ತುರ್ತೋ ಬರೀ ನೆಪವೋ ಎಂದು ಕೋರ್ಟು ಈಗ ನೋಡುತ್ತದೆ. ನನಗೆ ಮೀಡಿಯೇಷನ್ ಬಗ್ಗೆ ತಾತ್ಸಾರ ಇಲ್ಲ. ಮೀಡಿಯೇಷನ್ನಿನಲ್ಲಿ ನಡೆದ ಕಾಲ ಮೂರು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಎದುರಿನ ಕಂಪನಿಯಲ್ಲಿ ನಿರ್ಧಾರ ಮಾಡುವ ಮನುಷ್ಯ ಯಾರು ಎನ್ನುವುದೂ ಎಷ್ಟೋ ಸಲ ಅಲ್ಲೇ ತಿಳಿಯುತ್ತದೆ. ಈ ಕೇಸಿನಲ್ಲಿ ಅವರು ಬರಲೇ ಇಲ್ಲ, ವರದಿ ಹಿಡಿದುಕೊಂಡು ಕೋರ್ಟಿಗೆ ಹೋದೆವು.

ನಾವು ಪ್ರತಿವಾದಿ ಪರ ಇದ್ದಾಗ ಕಥೆ ಬೇರೆ. ಸಮನ್ಸ್ ತಲುಪಿದ 30 ದಿನದಲ್ಲಿ ರಿಟನ್ ಸ್ಟೇಟ್‌ಮೆಂಟ್, ಅಂದರೆ ದಾವೆಗೆ ಲಿಖಿತ ಉತ್ತರ, ಹಾಕಬೇಕು. ಕಾರಣ ಕೊಟ್ಟು, ಖರ್ಚು ಕಟ್ಟಿ ಎಳೆದರೂ 120 ದಿನ. ಅದು ದಾಟಿದರೆ ಬಾಗಿಲು ಮುಚ್ಚಿತು, ಜಡ್ಜ್‌ಗೂ ತೆರೆಯುವ ಅಧಿಕಾರವಿಲ್ಲ. ‘ಡೇಟ್ ತಗೊಳ್ಳಿ ಮೇಡಂ, ಏನಾಗಲ್ಲ’ ಎನ್ನುತ್ತಾ ಕೊನೆಯ ವಾರ ಫೈಲ್ ತಂದವರನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಓದಲು ಸಮಯವಿಲ್ಲದ ಕೇಸಿಗೆ ವಕಾಲತ್ತು ಹಾಕಿ ಏನು ಮಾಡಲಿ?

ಸಾಕ್ಷಿಯ ಹಂತಕ್ಕೆ ಬಂದಾಗ ಮೊದಲು ಮಾಡಿದ ಓದು ದುಡಿಯುತ್ತದೆ. ನಮ್ಮ ಯಜಮಾನರ ಅಫಿಡವಿಟ್ ಇಂಗ್ಲಿಷಿನಲ್ಲಿತ್ತು. ಪ್ರತಿ ಪ್ಯಾರಾವನ್ನೂ ಕನ್ನಡದಲ್ಲಿ ಕೂತು ಹೇಳಿದ್ದೆ. ಅಂದುಕೊಂಡ ಹಾಗೇ ಕ್ರಾಸ್‌ನ ಮೊದಲ ಪ್ರಶ್ನೆ, “ಇದರಲ್ಲಿ ಏನು ಬರೆದಿದೆ ಹೇಳ್ರಿ?” ಅವರು ಲಾಟ್ ನಂಬರ್ ಸಮೇತ ಹೇಳಿದರು. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ ಎಂದು ಬಿಟ್ಟು ಬೇರೇನೂ ಹೇಳಿಕೊಟ್ಟಿರಲಿಲ್ಲ.

ಅವರ ಕಡೆಯ ಪರ್ಚೇಸ್ ಮ್ಯಾನೇಜರ್‌ಗೆ ನಾನು ಕೇಳಿದ್ದು ಸ್ವಲ್ಪವೇ. ಈ ಬಿಲ್‌ಗಳ ಮೇಲೆ ನಿಮ್ಮ ಕಂಪನಿ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಂಡ ಮಾಲಿನ ಮೇಲಿನ ತೆರಿಗೆಯ ವಜಾ, ತೆಗೆದುಕೊಂಡಿದೆಯಾ? ಹೌದು. ಮಾಲು ಕೈಗೆ ಬರದೆ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ, ಸರಿನಾ? ಸರಿ. 180 ದಿನದಲ್ಲಿ ಸಪ್ಲೈಯರ್‌ಗೆ ದುಡ್ಡು ಕೊಡದಿದ್ದರೆ ಕ್ರೆಡಿಟ್ ವಾಪಸ್ ಮಾಡಬೇಕು, ಮಾಡಿದ್ದೀರಾ? ಅಕೌಂಟ್ಸ್‌ನವರನ್ನು ಕೇಳಬೇಕು. ಆಮೇಲೆ ಚಲನ್ ಕೊಟ್ಟೆ. ಅವರು ಮುಂದಿನ ಬದಿ ನೋಡಿ ಸೀಲು ನಮ್ಮದೇ ಅಂದರು. ತಿರುಗಿಸಿ ಎಂದೆ. ಆ ಪುಟ್ಟ ಸಹಿ ನಮ್ಮ ಸ್ಟೋರ್ಸ್‌ನವರದೇ ಎಂದು ಒಪ್ಪಿಕೊಂಡ ಕೂಡಲೇ ಕೂತುಬಿಟ್ಟೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವರಿಗೆ ಸಮಜಾಯಿಷಿ ಕೊಡಲು ಜಾಗ ಸಿಗುತ್ತಿತ್ತು. ಕಾಗದ ಓದಿದವರೇ ಕ್ರಾಸ್ ಮಾಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಓದುವವರು ಒಬ್ಬರು, ನಿಂತು ಮಾತಾಡುವವರು ಇನ್ನೊಬ್ಬರು ಆದರೆ ಹಾಳೆಯ ಹಿಂಬದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹೈಕೋರ್ಟಿನ ಅಪೀಲಿಗೆ ಹಿರಿಯ ವಕೀಲರನ್ನು ಕರೆಯುತ್ತೇವೆ, ಆಗಲೂ ತಾರೀಖಿನ ಪಟ್ಟಿ ನಮ್ಮದೇ.

ಫೀಸಿನ ವಿಷಯ ಬೇಗ ಮುಗಿಸುತ್ತೇನೆ. ‘ಬಂದ ದುಡ್ಡಿನಲ್ಲಿ ಹತ್ತು ಪರ್ಸೆಂಟ್ ಕೊಡ್ತೀನಿ, ಈಗ ಏನೂ ಕೇಳ್ಬೇಡಿ’ ಅನ್ನುವವರು ತುಂಬಾ ಜನ. ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪುವುದಿಲ್ಲ. ನಾವು ಹಂತ ಹಂತಕ್ಕೆ ಇಷ್ಟು ಎಂದು ಬರೆದುಕೊಡುತ್ತೇವೆ. ಓದುವ ಹಂತಕ್ಕೇ ಬೇರೆ ಫೀಸ್. ಓದಿದ ಮೇಲೆ ‘ಈ ಕೇಸ್ ಹಾಕಬೇಡಿ’ ಎಂದು ಹೇಳಿ ಕಳಿಸಿದ್ದೂ ಉಂಟು, ಆ ಫೀಸನ್ನು ವಾಪಸ್ ಕೊಡುವುದಿಲ್ಲ.

ನಮ್ಮ ಪರ ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಬಂದ ದಿನ ಯಜಮಾನರು ಸಿಹಿ ತಂದರು. ನಮ್ಮ ಗುಮಾಸ್ತರು, “ದುಡ್ಡು ಬಂದ ಮೇಲೆ ತಿನ್ನೋಣ ಬಿಡಿ ಸ್ವಾಮಿ” ಎಂದು ಪೊಟ್ಟಣ ಪಕ್ಕಕ್ಕಿಟ್ಟರು. ಡಿಕ್ರಿಯನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಆ ಕೇಸ್ ಹುಟ್ಟಿದ್ದೂ ನಮ್ಮ ಬೆಂಗಳೂರಿನ ಜಮೀನಿನ ಜಗಳದಿಂದಲೇ. ಆದರೆ ಸಾಲಗಾರನ ಆಸ್ತಿ ಎಲ್ಲಿದೆ ಎಂದು ತೋರಿಸುವ ಕೆಲಸ ಗೆದ್ದವರದ್ದೇ. ಹಳೇ ಪೇಮೆಂಟ್‌ಗಳು ಯಾವ ಬ್ಯಾಂಕಿನ ಯಾವ ಖಾತೆಯಿಂದ ಬಂದಿದ್ದವು ಎನ್ನುವುದನ್ನು ನಾವು ಚೀಲ ಸುರಿದಾಗಲೇ ಬರೆದಿಟ್ಟುಕೊಂಡಿದ್ದೆವು. ಖಾತೆ ಜಪ್ತಿಗೆ ಆದೇಶ ಹೋದ ಮೇಲೆ ಕಂಪನಿಯವರೇ ಫೋನ್ ಮಾಡಿ, ಪೂರ್ತಿ ದುಡ್ಡನ್ನು ಕೋರ್ಟಿಗೆ ಕಟ್ಟಿದರು.

ಸ್ವಲ್ಪ ದಿನದ ಮೇಲೆ ಯಜಮಾನರ ಫೋನ್. ಅದೇ ಕಂಪನಿ ಮತ್ತೆ ಆರ್ಡರ್ ಕೇಳುತ್ತಿದೆ, ಆ ಪೀಸಿಗೆ ಬೇಕಾದ ಫಿಕ್ಸ್ಚರ್ ಇವರ ಹತ್ತಿರ ಮಾತ್ರ ಇದೆಯಂತೆ. “ಕೊಡಬಹುದಾ ಮೇಡಂ?”

ಕೊಡಿ ಎಂದೆ. ಅಡ್ವಾನ್ಸ್ ತಗೊಳ್ಳಿ, ಚಲನ್‌ಗೆ ಸಹಿ ಪೆನ್ನಿನಲ್ಲಿ ಹಾಕಿಸಿಕೊಳ್ಳಿ.